ಸ್ಟ್ರೋಕ್ ಆದವರ ದಾಖಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಕಂಪ್ಯೂಟರಿನಲ್ಲೇ ಹೋಗಬೇಕಾ?

ಪರ

ದೊಡ್ಡಪ್ಪನಿಗೆ ಸ್ಟ್ರೋಕ್ ಆಗಿ ಬಲಗಡೆ ಕೈಕಾಲು ಬಿದ್ದುಹೋಯಿತು. ದೊಡ್ಡ ಆಸ್ಪತ್ರೆಯಿಂದ ಊರಿಗೆ ಕರೆತರುವಾಗ ನಮ್ಮ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಕವರ್. ಒಳಗೆ ಸ್ಕ್ಯಾನ್ ಫಿಲ್ಮು, ಮಾತ್ರೆ ಚೀಟಿ, ಡಿಸ್ಚಾರ್ಜ್ ಸಮ್ಮರಿ. ಸಮ್ಮರಿಯ ಕೊನೆಗೆ ಒಂದೇ ಸಾಲು: ಫಿಸಿಯೋಥೆರಪಿ ಮುಂದುವರಿಸಿ.

ಏನನ್ನು ಮುಂದುವರಿಸುವುದು? ಅಲ್ಲಿನ ಥೆರಪಿಸ್ಟ್‌ಗೆ ಎಲ್ಲ ಗೊತ್ತಿತ್ತು. ನೀರು ಕುಡಿದರೆ ಕೆಮ್ಮು, ಗಟ್ಟಿ ಗಂಜಿಯಾದರೆ ಸಲೀಸು. ಬಲ ಭುಜದ ಕೀಲು ಸಡಿಲ, ಆ ಕೈ ಎಳೆದು ಎಬ್ಬಿಸಬಾರದು. ಊರಿನ ಫಿಸಿಯೋಗೆ ಇದ್ಯಾವುದೂ ತಲುಪಲಿಲ್ಲ. ನಾವು ದಿನಾ ಆ ಕೈಯನ್ನೇ ಹಿಡಿದು ಎಬ್ಬಿಸಿದೆವು. ವಾರದೊಳಗೆ ಭುಜ ನೋವು ಶುರುವಾಗಿ ವ್ಯಾಯಾಮವೇ ನಿಂತಿತು. ಸ್ಟ್ರೋಕ್‌ನಲ್ಲಿ ಚೇತರಿಕೆ ಜಾಸ್ತಿ ಆಗುವುದು ಮೊದಲ ಮೂರು ತಿಂಗಳಲ್ಲಿ. ನಮಗೆ ಆ ದಿನಗಳೇ ಹೋದವು.

ಇದಕ್ಕೆ ಹೊಸ ದಾರಿಯನ್ನೇನೂ ಹುಡುಕಬೇಕಿಲ್ಲ. ಆರೋಗ್ಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೇಂದ್ರ ಸರ್ಕಾರದ ಯೋಜನೆ, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ದೇಶಕ್ಕೆಲ್ಲ ಬಂದದ್ದು 2021ರಲ್ಲಿ. ಅದರಲ್ಲಿ ರೋಗಿಯ ಆರೋಗ್ಯ ಖಾತೆಗೆ ಕೊಡುವ 14 ಅಂಕಿಯ ಆಭಾ ಸಂಖ್ಯೆ ಇದ್ದರೆ, ರೋಗಿ ಒಪ್ಪಿದ ಮೇಲೆ ಒಂದು ಕಡೆಯ ದಾಖಲೆಯನ್ನು ಇನ್ನೊಂದು ಕಡೆ ನೋಡಬಹುದು. ಆ ದಾಖಲೆಯಲ್ಲಿ ಥೆರಪಿಸ್ಟ್ ಬರೆದದ್ದೂ ಸೇರಲಿ. ಜಪಾನಿನಲ್ಲಿ 2008ರಿಂದಲೇ ಸ್ಟ್ರೋಕ್ ರೋಗಿಯ ಚಿಕಿತ್ಸಾ ಯೋಜನೆಯನ್ನು ಮುಂದಿನ ಆಸ್ಪತ್ರೆಗೆ ದಾಟಿಸುವ ಕೆಲಸಕ್ಕೆ ಆರೋಗ್ಯ ವಿಮೆಯಲ್ಲೇ ಹಣ ಕೊಡುತ್ತಾರೆ. ದಾಟಿಸುವುದೂ ಚಿಕಿತ್ಸೆಯೇ ಅಲ್ವಾ?

ವಿರೋಧ

ಆ ಭುಜದ ನೋವು ನನಗೆ ಚೆನ್ನಾಗಿ ಗೊತ್ತು. ತಾಲ್ಲೂಕಿನಲ್ಲಿ ಫಿಸಿಯೋಥೆರಪಿ ಮಾಡುವವಳು ನಾನು, ಅಂಥ ಭುಜಗಳು ಬರುವುದು ನನ್ನ ಹತ್ತಿರವೇ. ಆದರೂ ಇದಕ್ಕೆ ಕಂಪ್ಯೂಟರ್ ಮದ್ದು ಅಂತ ನನಗೆ ಅನಿಸುವುದಿಲ್ಲ.

ದಾಖಲೆಯಲ್ಲಿ ಬರುವ ಬಾರ್ಥೆಲ್ ಸ್ಕೋರನ್ನೇ ನೋಡಿ, ರೋಗಿ ದಿನದ ಕೆಲಸಗಳನ್ನು ಎಷ್ಟರ ಮಟ್ಟಿಗೆ ತಾನೇ ಮಾಡಿಕೊಳ್ಳುತ್ತಾರೆ ಅಂತ ಅಳೆಯುವುದು ಅದು. ಊಟ, ಸ್ನಾನ, ಮೆಟ್ಟಿಲು, ಹೀಗೆ 10 ಕೆಲಸ, 100ಕ್ಕೆ ಅಂಕ. ವಾರ್ಡಿನಲ್ಲಿ ಕಮೋಡಿನ ಪಕ್ಕ ಹಿಡಿಕೆ ಇರುತ್ತದೆ, ಹಾಗಾಗಿ ಕಕ್ಕಸಿನ ಕೆಲಸಕ್ಕೆ ಅಲ್ಲಿನ ಅಜ್ಜಿಗೆ ಪೂರ್ತಿ ಅಂಕ. ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು, ಅದೂ ಹಿತ್ತಲಲ್ಲಿ, ಹೋಗುವ ದಾರಿಯಲ್ಲಿ ಎರಡು ಹೊಸಿಲು. ಆ ಅಂಕ ನಂಬಿ ಅವರನ್ನು ಒಬ್ಬರೇ ಬಿಟ್ಟರೆ ಬೀಳುತ್ತಾರೆ. ಮನೆ ನೋಡದೆ ನಾನು ವ್ಯಾಯಾಮ ಹೇಳಿಕೊಡುವುದೇ ಇಲ್ಲ.

ಇನ್ನು ಒಪ್ಪಿಗೆ. ಸ್ಟ್ರೋಕ್‌ನಿಂದ ಮಾತು ಹೋದವರು ಏನಂತ ಒಪ್ಪುತ್ತಾರೆ? ಫೋನು ಮಗನ ಕೈಯಲ್ಲಿ, ಬಟನ್ ಒತ್ತುವವನೂ ಅವನೇ. ಕಾಯಿಲೆಯ ವಿವರ ಯಾರ್ಯಾರಿಗೆ ಹೋಯಿತು ಅಂತ ರೋಗಿಗೆ ತಿಳಿಯುವುದೇ ಇಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಏಮ್ಸ್‌ನ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾದಾಗ ಅಲ್ಲಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆಯಿತು. ಅಂಥ ಕಡೆಯೇ ಹಾಗಾದರೆ ನಮ್ಮ ಕ್ಲಿನಿಕ್‌ಗಳ ಕಥೆ ಏನು?

ನನಗೆ ಬೇಕಿರುವುದು ಬೇರೆ. ಡಿಸ್ಚಾರ್ಜ್‌ಗೆ ಮೊದಲು ಸೊಸೆಯನ್ನೋ ಮಗಳನ್ನೋ ವಾರ್ಡಿಗೆ ಕರೆಯಲಿ. ಸೊಂಟದ ಬೆಲ್ಟು ಹಿಡಿದು ಎಬ್ಬಿಸುವುದನ್ನು ಅವಳ ಕೈಯಲ್ಲೇ ನಾಲ್ಕು ಸಲ ಮಾಡಿಸಲಿ. ಆಮೇಲೆ ಅಲ್ಲಿನ ಥೆರಪಿಸ್ಟ್ ನನಗೆ ಹತ್ತು ನಿಮಿಷ ಫೋನ್ ಮಾಡಲಿ. ಯಾವ ಭುಜ, ಯಾವ ಊಟ, ಯಾವುದಕ್ಕೆ ಹೆದರುತ್ತಾರೆ ಅಂತ ನಾನೇ ಕೇಳಿಕೊಳ್ಳುತ್ತೇನೆ.