ಬುಧವಾರ ಬೆಟ್ಟ ಖಾಲಿ ಇರುತ್ತಂತೆ

ಬುಧವಾರ ನಂದಿ ಬೆಟ್ಟ ಖಾಲಿ ಇರುತ್ತದೆ ಅನ್ನುವ ಗುಟ್ಟು ಬೆಂಗಳೂರಿನಲ್ಲಿ ಯಾರೋ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಈಗ ಬುಧವಾರ ಕೋಳಿ ಕೂಗುವ ಮುಂಚೆಯೇ ದೇವನಹಳ್ಳಿ ಕಡೆಯಿಂದ ಕಾರುಗಳ ಸಾಲು. ಪ್ರತಿ ಕಾರಿನವರಿಗೂ ಮುಂದಿನ ಕಾರಿನವರ ಮೇಲೆ ಸಿಟ್ಟು. "ವಾರದ ಮಧ್ಯ ಬಂದಿದಾರಲ್ಲ, ಇವರಿಗೇನು ಕೆಲಸ ಬೊಗಸೆ ಇಲ್ವಾ?"

ಅವರನ್ನೇ ಕೇಳಿ ನೋಡಿ. "ಏನ್ ಸಾರ್, ಇವತ್ತು ರಜೆನಾ?" "ಇಲ್ಲಪ್ಪ, ಸುಮ್ನೆ ಬಂದ್ವಿ. ಪ್ಲಾನೇ ಇರ್ಲಿಲ್ಲ." ಪ್ಲಾನೇ ಇಲ್ಲದವರ ಡಿಕ್ಕಿಯಲ್ಲಿ ಟ್ರೈಪಾಡ್, ನಾಲ್ಕೂ ಜನಕ್ಕೆ ಒಂದೇ ಬಣ್ಣದ ಜರ್ಕಿನ್, ಹಿಂದಿನ ರಾತ್ರಿಯೇ ಕಲಸಿದ ಪುಳಿಯೋಗರೆ. ಪಕ್ಕದ ಚಾರಣದ ಬೆಟ್ಟ ಸ್ಕಂದಗಿರಿಗೆ ಹೋಗುವವರದ್ದು ಇನ್ನೂ ಚೆಂದ. ಅಲ್ಲಿ ಮುಂಚೆಯೇ ಆನ್‌ಲೈನಿನಲ್ಲಿ ಬುಕ್ ಮಾಡಿರಬೇಕು. ಹಾಗಾಗಿ ದಿಢೀರ್ ಮನಸ್ಸಾಗುವುದನ್ನೂ ಮೊದಲೇ ಬುಕ್ ಮಾಡಿಟ್ಟಿರುತ್ತಾರೆ.

ಈ ಬೆಟ್ಟದ ಪಕ್ಕದಲ್ಲೇ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರ ಊರು. ದೇಶ ಪ್ಲಾನ್ ಮಾಡಿಕೊಂಡೇ ಮುಂದೆ ಬರಬೇಕು ಅಂತ 1934ರಲ್ಲೇ ಪುಸ್ತಕ ಬರೆದವರು. ಹುಟ್ಟಿದ ಮನೆ, ಸಮಾಧಿ ಎರಡೂ ಅಲ್ಲೇ ಇವೆ. ಪ್ಲಾನಿಲ್ಲದ ಕಾರುಗಳು ಆ ಕಡೆ ತಿರುಗುವುದಿಲ್ಲ. ಅಲ್ಲಿ ವ್ಯೂ ಇಲ್ಲವಂತೆ.

ವ್ಯೂ ಇರುವುದು 1478 ಮೀಟರ್ ಎತ್ತರದಲ್ಲಿ. ಅಲ್ಲಿ ನಿಂತರೆ ಎದುರಿಗೆ ಬರೀ ಮಂಜು. ಸುಣ್ಣ ಹೊಡೆದ ಗೋಡೆಯ ಮುಂದೆ ನಿಂತ ಹಾಗೆ ನೂರಾರು ಜನ ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಸೂರ್ಯ ಎಷ್ಟೊತ್ತಿಗೆ ಹುಟ್ಟಿದ ಅಂತ ಅದೇ ಮೊಬೈಲಿನಲ್ಲಿ ನೋಡಿ ತಿಳಿದುಕೊಳ್ಳುತ್ತಾರೆ.

ಒಂಬತ್ತೂವರೆಗೆ ಅಸಲಿ ತಮಾಷೆ. ವಾರದ ಮಧ್ಯ ಬಂದವರಲ್ಲಿ ಅರ್ಧ ಜನ 'ಮನೆಯಿಂದ ಕೆಲಸ' ಮಾಡುತ್ತಿರುವವರು. ಕಲ್ಲುಬೆಂಚಿನ ಮೇಲೆ ಒಬ್ಬ ಲ್ಯಾಪ್‌ಟಾಪ್ ತೆರೆದ. "ಸಾರ್, ಏರಿಯಾದಲ್ಲಿ ಕರೆಂಟಿಲ್ಲ, ವಿಡಿಯೋ ಹಾಕಕ್ಕಾಗಲ್ಲ." ಅಷ್ಟರಲ್ಲಿ ಹಿಂದಿನಿಂದ ಕೋತಿ ಬಂದು ಚಿಪ್ಸ್ ಪ್ಯಾಕೆಟ್ಟಿಗೆ ಕೈ ಹಾಕಿತು. ಹೆಂಡತಿ ಕಿರುಚಿದರು. ಕೋತಿಯೂ ಕಿರುಚಿತು. "ಏನ್ರೀ ಅದು ಗಲಾಟೆ?" ಎಂದರು ಸಾಹೇಬರು. "ಮಗು ಸಾರ್, ತಿಂಡಿಗೆ ಹಠ." ಸಾಹೇಬರು ನಂಬಿದರು. ನಂಬದೆ ಏನು ಮಾಡಿಯಾರು? ಅವರ ಮೈಕಿನಲ್ಲೂ ಯಾರೋ ಅಜ್ಜಿ "ಸೌತೇಕಾಯಿ, ಸೀಬೆಕಾಯಿ" ಅಂತ ಕೂಗುತ್ತಿದ್ದರು.

ನಮ್ಮ ಚಿಕ್ಕಬಳ್ಳಾಪುರದವರನ್ನು ಮಾತ್ರ ಬೆಟ್ಟಕ್ಕೆ ಯಾವಾಗ ಹೋಗಿದ್ರಿ ಅಂತ ಕೇಳಬೇಡಿ. ನೆಂಟರು ಬಂದಾಗ ಹೋಗಿರುತ್ತೇವೆ. ಕೆಳಗೆ ನಂದಿ ಗ್ರಾಮದಲ್ಲಿ ಸಾವಿರ ವರ್ಷಕ್ಕೂ ಹಳೆಯ ಭೋಗನಂದೀಶ್ವರನ ಗುಡಿ ಇದೆ, ಕಲ್ಯಾಣಿ ಇದೆ. ಶಿವರಾತ್ರಿಗೆ ತೇರು ಎಳೆದು ಬಂದರೆ ನಮ್ಮ ಕೋಟಾ ಮುಗಿಯಿತು.

ನಮ್ಮ ತಲೆಬಿಸಿ ಬೇರೆ. ಅರ್ಕಾವತಿ, ಉತ್ತರ ಪಿನಾಕಿನಿ ನದಿಗಳು ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಆದರೂ ನಮ್ಮ ಕೆರೆ ತುಂಬುವುದಕ್ಕೆ ಎಚ್‌.ಎನ್‌. ವ್ಯಾಲಿ (ಹೆಬ್ಬಾಳ–ನಾಗವಾರ ಕಣಿವೆ) ಯೋಜನೆಯಿಂದ ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಕಳಿಸಬೇಕು. ಶುದ್ಧೀಕರಣ ಎರಡು ಹಂತ ಸಾಲದು, ಮೂರನೇ ಹಂತವೂ ಆಗಲಿ ಅಂತ ಜನ ಕೂಗುತ್ತಲೇ ಇದ್ದಾರೆ. ನೀರಾದರೂ ಎರಡು ಹಂತ ದಾಟಿ ಬರುತ್ತದೆ. ಬುಧವಾರದ ಪ್ರವಾಸಿಗರು ಒಂದು ಹಂತವೂ ಇಲ್ಲದೆ ನೇರವಾಗಿ ಬರುತ್ತಾರೆ. ತಿರುವಿಗೊಂದು ಬಾಟಲಿ ಬಿಟ್ಟು ಹೋಗುತ್ತಾರೆ.

ಜನರನ್ನೇ ಅಂದು ಏನು ಬಂತು? ಸರ್ಕಾರಕ್ಕೂ ಈ ಚಟ ಅಂಟಿತು. 2025ರ ಜುಲೈ 2. ಅದೂ ಬುಧವಾರವೇ! ಇಡೀ ಸಚಿವ ಸಂಪುಟ ಸಭೆಗೆ ಅಂತ ನಂದಿ ಬೆಟ್ಟ ಹತ್ತಿತು. ವಿಧಾನಸೌಧದಲ್ಲಿ ಕುರ್ಚಿ ಕಡಿಮೆಯಾಗಿತ್ತು ಅಂತೇನಲ್ಲ. ಆದರೆ ಒಂದು ಒಪ್ಪಬೇಕು. ಬುಧವಾರ ಬೆಟ್ಟ ಖಾಲಿ ಇರುತ್ತದೆ ಅನ್ನುವ ಮಾತನ್ನು ನಿಜ ಮಾಡಿದವರು ಇವರೊಬ್ಬರೇ. ಬೇರೆ ಯಾರನ್ನೂ ಮೇಲೆ ಬಿಡಲಿಲ್ಲ.

ಮೇಲೆ ಕೂತು ಅವರು ತೀರ್ಮಾನಿಸಿದ್ದರಲ್ಲಿ ನಮ್ಮ ಜಿಲ್ಲೆಯ ಬಾಗೇಪಲ್ಲಿಗೆ ಭಾಗ್ಯನಗರ ಅಂತ ಹೆಸರಿಡುವುದೂ ಒಂದು. ನಮ್ಮಂಥವರು ಬೆಟ್ಟಕ್ಕೆ ಹೋದರೆ ಬಂಡೆ ಮೇಲೆ ಹೆಸರು ಗೀಚಿ ಬರುತ್ತೇವೆ. ಮಂತ್ರಿಗಳಿಗೆ ಬಂಡೆ ಸಾಲಲಿಲ್ಲ, ಊರನ್ನೇ ಹಿಡಿದರು.