ತಾಯಿ ಕಾರ್ಡಿನಲ್ಲಿ ಖಾಲಿ ಉಳಿದ ಮನೆಗಳು

ಅಕ್ಕನ ತಾಯಿ ಕಾರ್ಡ್ ಈಗಲೂ ನಮ್ಮ ಬೀರುವಿನಲ್ಲಿದೆ. ತೂಕ ಬರೆದಿದ್ದಾರೆ, ಹಿಮೋಗ್ಲೋಬಿನ್ ಬರೆದಿದ್ದಾರೆ. ಮೂತ್ರ ಪರೀಕ್ಷೆಯ ಸಾಲಿನಲ್ಲಿ ಮಾತ್ರ ಐದು, ಆರು, ಏಳನೇ ತಿಂಗಳ ಮನೆಗಳು ಖಾಲಿ. ಅವಳ ಕಾಲು ಊದಿಕೊಂಡಾಗ ‘ಬಸುರಿಗೆ ಇದೆಲ್ಲ ಇದ್ದದ್ದೇ’ ಎಂದವರು ನಾವೇ. ಒಂದು ರಾತ್ರಿ ತಲೆ ಸಿಡಿಯತೊಡಗಿತು, ಕಣ್ಣು ಮಂಜಾಯಿತು, ಆಸ್ಪತ್ರೆಯ ದಾರಿಯಲ್ಲೇ ಫಿಟ್ಸ್ ಬಂತು. ಅಕ್ಕ ಉಳಿದಳು. ಮಗು ಉಳಿಯಲಿಲ್ಲ. ನಾನಾಗ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಮೊದಲ ವರ್ಷದಲ್ಲಿದ್ದೆ. ಮೂತ್ರಕ್ಕೆ ಪಟ್ಟಿ ಅದ್ದಿ ಬಣ್ಣ ನೋಡುವುದನ್ನು ಕಲಿತಿದ್ದೆ. ಮನೆಯಲ್ಲೇ ಇದ್ದ ಬಸುರಿಗೆ ಅದನ್ನು ಮಾಡಿರಲಿಲ್ಲ.

ಊರಿನಲ್ಲಿ ಇದನ್ನು ನಂಜು ಎನ್ನುತ್ತಾರೆ, ವೈದ್ಯರು ಪ್ರೀ-ಎಕ್ಲಾಂಪ್ಸಿಯಾ ಎನ್ನುತ್ತಾರೆ. 20 ವಾರಗಳ ನಂತರ ರಕ್ತದೊತ್ತಡ 140/90 ಮುಟ್ಟುತ್ತದೆ, ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ. ಆದರೆ ಪ್ರೋಟೀನ್ ಕಾಣುವ ಹೊತ್ತಿಗೆ ಮೂತ್ರಪಿಂಡದ ಸೋಸುಬಲೆಗೆ ಆಗಲೇ ಪೆಟ್ಟು ಬಿದ್ದಿರುತ್ತದೆ. ಅದಕ್ಕೂ ಮೊದಲೇ ಮೂತ್ರ ಏನಾದರೂ ಹೇಳುತ್ತದೆಯೇ?

ಹೇಳುತ್ತದೆ. ಗರ್ಭದ ಮಾಸು, ಅಂದರೆ ಪ್ಲಸೆಂಟಾ, ರಕ್ತನಾಳಗಳನ್ನು ಪೋಷಿಸುವ ಪಿಎಲ್‌ಜಿಎಫ್ ಎಂಬ ಪ್ರೋಟೀನನ್ನು ಬಿಡುಗಡೆ ಮಾಡುತ್ತದೆ. ಮಾಸಿಗೆ ರಕ್ತ ಸಾಲದೆ ಹೋದಾಗ ಎಸ್‌ಫ್ಲಿಟ್-1 ಎಂಬ ಇನ್ನೊಂದು ಪ್ರೋಟೀನ್ ಹೆಚ್ಚಾಗಿ ಪಿಎಲ್‌ಜಿಎಫ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಸ್‌ಫ್ಲಿಟ್-1 ದೊಡ್ಡದು, ಆರೋಗ್ಯವಂತ ಮೂತ್ರಪಿಂಡದ ಜಾಲರಿಯನ್ನು ಸುಲಭವಾಗಿ ದಾಟದು. ಪಿಎಲ್‌ಜಿಎಫ್ ಚಿಕ್ಕದು, ಸೋಸಿಹೋಗುತ್ತದೆ. ಹಾಗಾಗಿ ರಕ್ತದಲ್ಲಿ ಅದು ಇಳಿದರೆ ಮೂತ್ರದಲ್ಲೂ ಇಳಿಯುತ್ತದೆ. ಮುಂದೆ 37 ವಾರಕ್ಕೂ ಮೊದಲೇ ನಂಜು ಕಾಣಿಸಿಕೊಂಡ ಅಮೆರಿಕದ ಗರ್ಭಿಣಿಯರಲ್ಲಿ, 21ರಿಂದ 32ನೇ ವಾರದಲ್ಲೇ ಮೂತ್ರದ ಪಿಎಲ್‌ಜಿಎಫ್ ಕಡಿಮೆಯಾಗಿತ್ತು ಎಂದು 2005ರ ಅಧ್ಯಯನವೊಂದು ತೋರಿಸಿತು. ಸೂಜಿ ಬೇಡ, ರಕ್ತ ಬೇಡ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಒಯ್ಯಬಹುದಾದ ಪರೀಕ್ಷೆ ಇಂಥದ್ದೇ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಪವಾಡದ ಮಾತು ಬೇಡ. ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ ವೈದ್ಯರು ಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್ 16 ವಾರದೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. 150 ಮಿಲಿಗ್ರಾಂ ಆಸ್ಪಿರಿನ್ 37 ವಾರಕ್ಕೂ ಮುಂಚಿನ ನಂಜನ್ನು ಅರ್ಧಕ್ಕಿಂತಲೂ ಕೆಳಗಿಳಿಸಿದ್ದು 2017ರ ಪ್ರಯೋಗದಲ್ಲಿ ಕಂಡಿತು. ಮೂತ್ರದ ಪಿಎಲ್‌ಜಿಎಫ್ ಸ್ಪಷ್ಟವಾಗಿ ಮಾತನಾಡುವುದು ಆ ಗಡುವು ದಾಟಿದ ಮೇಲೆ. ಆದ್ದರಿಂದ ಅದರಿಂದ ನಾವು ಕೇಳಬೇಕಾದ್ದು ಬೇರೆ: ಯಾರನ್ನು ವಾರವಾರ ನೋಡಬೇಕು, ಯಾರ ಹೆರಿಗೆ ಹಳ್ಳಿಯಲ್ಲಿ ಬೇಡ, ಯಾರನ್ನು ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಅಕ್ಕನ ಮಟ್ಟಿಗೆ ಇಷ್ಟೇ ಸಾಕಿತ್ತು.

ಬಟ್ಟೆಗೆ ಬಳಿಯುತ್ತಿದ್ದ ಕಾಂಗೋ ರೆಡ್ ಬಣ್ಣದ ಪರೀಕ್ಷೆಯೂ ನನಗೆ ಬಹಳ ಇಷ್ಟ. ನಂಜಿನಲ್ಲಿ ತಪ್ಪಾಗಿ ಮಡಚಿಕೊಂಡ ಪ್ರೋಟೀನುಗಳು ಮೂತ್ರಕ್ಕೆ ಬರುತ್ತವೆ, ಆ ಬಣ್ಣ ಅವುಗಳಿಗೆ ಅಂಟಿಕೊಳ್ಳುತ್ತದೆ. ಕಾಗದದ ಮೇಲೆ ಒಂದು ಕೆಂಪು ಚುಕ್ಕೆ, ಅಷ್ಟೇ.

ಲ್ಯಾಬಿನ ಬೆಂಚಿನಲ್ಲಿ ಕೂತು ಪರೀಕ್ಷೆ ಮಾಡುವವಳಾಗಿ ಇನ್ನೊಂದು ಮಾತು. ಒಂದು ಚೊಂಬು ನೀರು ಕುಡಿದು ಬಂದವಳ ಮೂತ್ರ ತೆಳ್ಳಗಿರುತ್ತದೆ. ಶೌಚಾಲಯಕ್ಕೆ ಹೆದರಿ ನೀರೇ ಕುಡಿಯದವಳದ್ದು ಗಾಢವಾಗಿರುತ್ತದೆ. ಪಟ್ಟಿ ಇಬ್ಬರ ವಿಷಯದಲ್ಲೂ ಮೋಸ ಹೋಗಬಹುದು. ಅದಕ್ಕೇ ಪ್ರೋಟೀನನ್ನು ಕ್ರಿಯಾಟಿನಿನ್‌ನಿಂದ, ಅಂದರೆ ದೇಹ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಬಿಡುವ ತ್ಯಾಜ್ಯದಿಂದ, ಭಾಗಿಸಿ ನೋಡುತ್ತೇವೆ. 0.3 ದಾಟಿದರೆ ಎಚ್ಚರ. ಪಿಎಲ್‌ಜಿಎಫ್‌ನಂಥ ಹೊಸ ಸೂಚಕಗಳಿಗೂ ಈ ಲೆಕ್ಕ ಬೇಕು. ನಾಳೆ ಎಷ್ಟೇ ಚುರುಕಾದ ಕಿಟ್ ಬಂದರೂ, ಇಂದು ಒಂದು ಪಟ್ಟಿ ಅದ್ದಿಸಲಾಗದ ಕಡೆ ಅದು ಪೆಟ್ಟಿಗೆಯಲ್ಲೇ ಅವಧಿ ಮುಗಿಸುತ್ತದೆ ಎಂಬ ಭಯ ನನಗಿದೆ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಜೊತೆಗೆ ಹೋಗಿ. ರಕ್ತದೊತ್ತಡ ಮತ್ತು ಮೂತ್ರದ ಪ್ರೋಟೀನ್, ಎರಡನ್ನೂ ಬರೆಸಿಕೊಂಡೇ ಎದ್ದು ಬನ್ನಿ.