ಕಡ್ಡಿ ಪೂರ್ತಿ ಇದೆ, ಕಾಲ್ ಹೋಗ್ತಿಲ್ಲ

ರಿಪ್ಪನ್‌ಪೇಟೆ ಕಡೆಯಿಂದ ಮಾವಿನ ಮಿಡಿ ಬಂದಿತ್ತು. ತೊಟ್ಟು ಮುರಿದರೆ ಸೊನೆ ಚಿಮ್ಮುವಂಥ, ಜೀರಿಗೆ ವಾಸನೆಯ ಮಿಡಿ. ಇಂಥ ಮಾಲು ಎದುರಿಗಿದ್ದಾಗ ಅಕ್ಕನನ್ನು ಕೇಳದೆ ಉಪ್ಪಿನ ಡಬ್ಬಿಗೆ ಕೈ ಹಾಕುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಫೋನ್ ತೆಗೆದು ಅವಳ ಹೆಸರು ಒತ್ತಿದೆ. ಪರದೆ ಮೇಲೆ ಅಕ್ಕನ ಮುಖ ಬಂತು. ಟುಂಯ್ ಎಂದು ಒಂದು ಸದ್ದು. ಮುಖ ಹೋಯಿತು. ‘ಕಾಲ್ ಎಂಡೆಡ್’ ಅಂತ ಬಂತು. ಶುರುವೇ ಆಗದ್ದು ಮುಗಿಯಿತಂತೆ.

ಮೇಲಿನ ಮೂಲೆಯಲ್ಲಿ ಕಡ್ಡಿಗಳು ಮಾತ್ರ ಒಂದೂ ಕಮ್ಮಿಯಿಲ್ಲದೆ ನಿಂತಿದ್ದವು. ನನಗೆ ಸಿಟ್ಟು ಬಂದದ್ದು ಇದಕ್ಕೇ. ಟವರ್ ಇಲ್ಲ ಅಂದರೆ ಇಲ್ಲ ಅನ್ನಲಿ, ಮಲೆನಾಡಿನವರಿಗೆ ಅದೇನು ಹೊಸದಲ್ಲ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಗುಡ್ಡದ ಮೇಲೆ ಟಾರ್ಪಾಲು ಕಟ್ಟಿ ಮಕ್ಕಳನ್ನು ಕೂರಿಸಿದ ಜನ ನಾವು. ಎಲ್ಲ ಸರಿಯಿದೆ ಅಂತ ತೋರಿಸುತ್ತಾ ಕೆಲಸ ಮಾತ್ರ ಮಾಡದವರನ್ನು ಕಂಡರೆ ನನಗಾಗದು.

ವಾಟ್ಸಾಪ್‌ನಲ್ಲಿ ಕೇಳಬಹುದಿತ್ತಲ್ವಾ ಅನ್ನಬೇಡಿ. ಅಕ್ಕ ವಾಟ್ಸಾಪ್‌ನಲ್ಲಿ ಕಳಿಸುತ್ತಾಳೆ, ಓದುವುದಿಲ್ಲ. ಬೆಳಿಗ್ಗೆ ಬೆಳಿಗ್ಗೆ ಒಂದು ಗುಲಾಬಿ ಹೂ ಕಳಿಸಿದರೆ ಮುಗಿಯಿತು, ಆಮೇಲೆ ಫೋನು ದೇವರ ಕೋಣೆಯ ಗೂಡಿನಲ್ಲಿ. ಕೊನೆಗೆ ಮಗಳ ಫೋನಿನಿಂದ ಮಾತಾಡಿ ಉಪ್ಪಿನ ಲೆಕ್ಕ ತಿಳಿದುಕೊಂಡಿದ್ದಾಯಿತು. ಮಿಡಿ ಜಾಡಿಗೆ ಬಿತ್ತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಫೋನ್ ಕೆಟ್ಟರೆ ಡಾಕ್ಟರುಗಳಿಗೆ ಬರವಿಲ್ಲ. ‘ರೀಸ್ಟಾರ್ಟ್ ಮಾಡಿದ್ಯಾ?’ ಅಂದಳು ಮಗಳು, ತಲೆ ಎತ್ತದೆ. ಪಕ್ಕದ ಮನೆ ಹುಡುಗ ಬಂದು ಏರೋಪ್ಲೇನ್ ಮೋಡ್ ಹಾಕಿದ, ತೆಗೆದ. ನಮ್ಮವರು ಸಿಮ್ ತೆಗೆದು ಒರೆಸಬೇಕು ಅಂದರು. ಸಿಮ್ ತೆಗೆಯುವ ಕಡ್ಡಿ ಫೋನಿನ ಡಬ್ಬದಲ್ಲಿ, ಡಬ್ಬ ಅಟ್ಟದಲ್ಲಿ. ನನ್ನ ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನನ್ನೇ ಬಿಚ್ಚಿಕೊಂಡು ತಿವಿಯಲು ಹೊರಟರು. ಫೋನಿನ ಅಂಚಿನಲ್ಲಿ ಪುಟ್ಟ ತೂತು ಒಂದೇ ಅಲ್ಲ. ಒಂದು ಸಿಮ್ಮಿನದು, ಇನ್ನೊಂದು ಮೈಕಿನದು. ಮೈಕಿನದಕ್ಕೆ ಚುಚ್ಚಿದರೆ ಕಾಲ್ ಹೋದರೂ ನನ್ನ ದನಿ ಹೋಗುವುದಿಲ್ಲ ಅಂದೆ. ‘ಅದೂ ಒಳ್ಳೇದೇ’ ಅಂದರು. ಈ ಮಾತಿಗೆ ಉತ್ತರ ಆಮೇಲೆ ಸಾವಕಾಶವಾಗಿ ಕೊಟ್ಟಿದ್ದೇನೆ.

ಹುಡುಗ ಸೆಟ್ಟಿಂಗ್ಸ್ ಒಳಗೆ ಇಳಿದ. 4ಜಿಯಲ್ಲೇ ಮಾತು ಸಾಗಿಸುವ ವೋಲ್ಟೀ ಆನ್ ಇದೆಯಾ ನೋಡಿದ. ಅದು ಆಫ್ ಆಗಿದ್ದರೆ ಫೋನು ಮಾತಿಗಾಗಿ 4ಜಿಯಿಂದ ಇಳಿದು ಹಳೇ 2ಜಿ, 3ಜಿ ಹುಡುಕಿಕೊಂಡು ಹೋಗುತ್ತದಂತೆ. ಅದು ಸಿಗದಿದ್ದರೆ ಕಡ್ಡಿ ಎಷ್ಟಿದ್ದರೂ ಮಾತಿಲ್ಲ. ನನ್ನದರಲ್ಲಿ ಆನ್ ಇತ್ತು. ಬ್ಲಾಕ್ ಲಿಸ್ಟ್ ನೋಡಿದ, ಕರೆಗಳನ್ನೇ ತಡೆಹಿಡಿಯುವ ಕಾಲ್ ಬ್ಯಾರಿಂಗ್ ನೋಡಿದ. ಕಡೆಗೆ ಕೈ ಚೆಲ್ಲಿ, ‘ಸಿಸ್ಟಮ್ ಪ್ರಾಬ್ಲಮ್ ಆಂಟಿ’ ಅಂದ. ಯಾವ ಸಿಸ್ಟಮ್? ಯಾರದು? ಎಲ್ಲಿ ಕೂತಿರುತ್ತದೆ? ನಮ್ಮ ದೊಡ್ಡಪ್ಪನ ಕಾಲದಲ್ಲಿ ಸಿಸ್ಟಮ್ಮು ಸೈಕಲ್ ಹತ್ತಿ ಬರುತ್ತಿತ್ತು.

ದೊಡ್ಡಪ್ಪನ ಮನೆಯಲ್ಲಿ ಕರಿ ಫೋನ್ ಇತ್ತು. ಬೆಂಗಳೂರಿನ ದೂರವಾಣಿನಗರದಲ್ಲಿ ಸರ್ಕಾರದ ಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯದು. ಡಯಲಿನ ತೂತಿಗೆ ಒಂದು ಪುಟ್ಟ ಬೀಗ. ಬೀಗದ ಕೈ ದೊಡ್ಡಪ್ಪನ ಜನಿವಾರದಲ್ಲಿ. ಆದರೆ ಡಯಲ್ ತಿರುಗಿಸದೆಯೂ ಕಾಲ್ ಮಾಡಬಹುದು ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ರಿಸೀವರ್ ಇಡುವ ಜಾಗದ ಗುಬುಟನ್ನು ಟಕಟಕ ತಟ್ಟಬೇಕು. ನಾಲ್ಕಕ್ಕೆ ನಾಲ್ಕು ಸಲ, ಒಂಬತ್ತಕ್ಕೆ ಒಂಬತ್ತು, ಸೊನ್ನೆಗೆ ಹತ್ತು. ನಡುವೆ ಚೂರು ಬಿಡಬೇಕು. ದೊಡ್ಡಪ್ಪನ ಮಗನ ಕೈ ಇದರಲ್ಲಿ ಮೃದಂಗದವರ ಕೈಯಷ್ಟು ಪಳಗಿತ್ತು. ತಿಂಗಳ ಬಿಲ್ಲು ಬಂದಾಗಲೆಲ್ಲ ದೊಡ್ಡಪ್ಪ ಹೌಹಾರಿ ಬೀಗ ಬದಲಿಸುತ್ತಿದ್ದರು.

ಹಳ್ಳಿಗೆ ಡಯಲ್ ಫೋನ್ ಬಂದದ್ದೇ ಒಂದು ಸಂಭ್ರಮ. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಹಳ್ಳಿಗಳಿಗೆಂದೇ ಮಾಡಿದ 128 ಲೈನಿನ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಕೂರಿಸಿ ನೋಡಿದ್ದು ನಮ್ಮ ಕಿತ್ತೂರಿನಲ್ಲೇ. ಎಸಿ ಬೇಡ, ಧೂಳು ಸೆಕೆ ತಡೆದುಕೊಳ್ಳುತ್ತದೆ ಅನ್ನುವುದು ಅದರ ಹೆಗ್ಗಳಿಕೆ. ಅಂಥದ್ದೇ ಒಂದು ಪೆಟ್ಟಿಗೆ ಆಮೇಲೆ ನಮ್ಮ ಕಡೆಗೂ ಬಂತು. ಧೂಳು ಸೆಕೆ ಸರಿ. ಜೂನ್ ತಿಂಗಳ ಗಾಳಿಮಳೆಗೆ ಹಲಸಿನ ಕೊಂಬೆ ತಂತಿ ಮೇಲೆ ಬಿದ್ದರೆ ಪೆಟ್ಟಿಗೆ ಪಾಪ ಏನು ಮಾಡೀತು?

ಲೈನು ಸತ್ತರೆ ದೂರು ಕೊಡಲು 198. ದೂರು ಕೊಡಲೂ ಫೋನ್ ಬೇಕು. ದೊಡ್ಡಪ್ಪ ಕೊಡೆ ಬಿಡಿಸಿ, ಪಂಚೆ ಎತ್ತಿ ಕಟ್ಟಿ, ತೋಟ ದಾಟಿ ಆಚೆ ಮನೆಗೆ ಹೋಗುತ್ತಿದ್ದರು. ಆ ಮನೆಗೂ ಅದೇ ಕಂಬದ ಲೈನು, ಅದೂ ಸತ್ತಿರುತ್ತಿತ್ತು. ಗೊತ್ತಿದ್ದೇ ಹೋಗುತ್ತಿದ್ದರು. ಅಲ್ಲಿ ಕಾಫಿ ಚೆನ್ನಾಗಿರುತ್ತಿತ್ತು. ಕೊನೆಗೆ ಬಸ್ಸಿನ ಕಂಡಕ್ಟರ್ ಹತ್ತಿರ ಚೀಟಿ ಕೊಟ್ಟು ಪೇಟೆಗೆ ಕಳಿಸುವುದು.

ಲೈನ್‌ಮ್ಯಾನ್ ಬರುವ ದಿನ ದೊಡ್ಡಮ್ಮ ಕಡುಬು ಮಾಡುತ್ತಿದ್ದರು. ಆತ ರೇನ್‌ಕೋಟು ಬಿಚ್ಚಿ ಜಗಲಿ ಗೂಟಕ್ಕೆ ಹಾಕಿ, ಮೊದಲು ಕಡುಬಿಗೆ ಕೂರುತ್ತಿದ್ದ. ಎದುರಿಗೆ ಕೂತು ದೊಡ್ಡಪ್ಪ ಶುರು ಮಾಡುತ್ತಿದ್ದರು: ‘ಎಂಟು ದಿನ ಆಯ್ತಲ್ಲೋ ಮಾರಾಯ, ಜನ ಸತ್ತರೂ ಸುದ್ದಿ ಮುಟ್ಟುವ ಹಾಗಿಲ್ಲ.’ ಆತ ಚಟ್ನಿ ಬಡಿಸಿಕೊಳ್ಳುತ್ತಾ, ‘ಯಾರು ಸತ್ರು ಭಟ್ರೇ?’ ಅನ್ನುತ್ತಿದ್ದ. ಬೈಗುಳ ಮುಗಿಯುವುದಕ್ಕೂ ಕಡುಬು ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಆಮೇಲೆ ಕಂಬ ಹತ್ತಿ, ಚೀಲದಿಂದ ಟೆಸ್ಟಿಂಗ್ ಫೋನ್ ತೆಗೆದು, ಅದರ ಕ್ಲಿಪ್ಪನ್ನು ತಂತಿಗೆ ಕಚ್ಚಿಸಿ ಎಕ್ಸ್‌ಚೇಂಜಿನವನಿಗೆ, ‘ಹಲೋ, ಕೇಳ್ತದಾ?’ ಎನ್ನುತ್ತಿದ್ದ. ಕೇಳುತ್ತಿತ್ತು. ಕೇಳಿದ ಮೇಲೆ ಇಳಿಯಬೇಕಲ್ಲ? ಇಳಿಯುತ್ತಿರಲಿಲ್ಲ. ಮಗಳಿಗೆ ಬಂದ ಸಂಬಂಧದ ವಿಚಾರ ಶುರುವಾಗುತ್ತಿತ್ತು. ಹುಡುಗ ಶಿವಮೊಗ್ಗದಲ್ಲಿ, ಕೆಲಸ ಪರವಾಗಿಲ್ಲ, ತಾಯಿ ಸ್ವಲ್ಪ ಜೋರು. ಮಳೆಯಲ್ಲಿ ಕೊಡೆ ಹಿಡಿದು ಕಂಬದ ಬುಡದಲ್ಲಿ ನಿಂತ ದೊಡ್ಡಪ್ಪ ಮೇಲೆ ನೋಡುತ್ತಾ, ‘ಸಂಬಳ ಎಷ್ಟಂತೆ ಕೇಳು’ ಎಂದು ಕೂಗುತ್ತಿದ್ದರು.

ಆ ಮದುವೆಗೆ ಬಾಳೆಎಲೆ ದೊಡ್ಡಪ್ಪನ ತೋಟದ್ದೇ. ಮದುವೆ ದಿನ ಸುತ್ತಿನ ಅರ್ಧ ಊರಿಗೆ ಲೈನು ಹೋಗಿತ್ತಂತೆ. ಒಬ್ಬರೂ ದೂರು ಕೊಡಲಿಲ್ಲ. ಕೊಡುವವರೆಲ್ಲ ಪಂಕ್ತಿಯಲ್ಲಿದ್ದರು.

ಈಗ ನನ್ನ ದೂರು ಯಾರಿಗೆ ಕೊಡಲಿ? ಕಾಲ್ ಹೋಗ್ತಿಲ್ಲ ಅನ್ನಲು ಕಾಲ್ ಮಾಡಬೇಕು, ಅದೇ ಹೋಗ್ತಿಲ್ಲ. ಮಗಳ ಫೋನಿನಿಂದ ಮಾಡಿದರೆ, ‘ತೊಂದರೆ ಇರುವ ನಂಬರಿನಿಂದಲೇ ಕರೆ ಮಾಡಿ’ ಎಂದಿತು ಒಂದು ದನಿ. ಕನ್ನಡಕ್ಕೆ ಇದನ್ನು ಒತ್ತಿ, ಅದಕ್ಕೆ ಅದನ್ನು ಒತ್ತಿ ಅಂತ ಒತ್ತಿಸಿಕೊಂಡು, ಕಡೆಗೆ ಒಬ್ಬ ಮನುಷ್ಯ ಸಿಕ್ಕಿದ. ನಾನು ದೊಡ್ಡಪ್ಪನ ಹಾಗೆ ಶುರು ಮಾಡಿದೆ. ಆತ ನಡುವೆ ‘ಅನಾನುಕೂಲಕ್ಕೆ ಕ್ಷಮೆ ಇರಲಿ ಮೇಡಂ’ ಎಂದು ಬಿಟ್ಟ. ಬೈಯುವವರ ಬಾಯಿಗೆ ಹತ್ತಿ ತುರುಕಲು ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಆ ಹುಡುಗನ ತಪ್ಪೇನೂ ಇಲ್ಲ, ಅದೇ ನನ್ನ ಸಂಕಟ. ತಪ್ಪಿರುವವರು ಫೋನ್ ಎತ್ತುವ ಕೆಲಸಕ್ಕೆ ಬರುವುದಿಲ್ಲ.

ನಡುವೆ ಒಂದು ಕಾಲ ಇತ್ತು, ಕಾಲ್ ಆಗದಿರುವುದೇ ಬೇಕಿತ್ತು. ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಲ್ಲಿದ್ದ ಜ್ಯೋತಿ ಬಸು ಅವರಿಂದ ದೆಹಲಿಯಲ್ಲಿದ್ದ ಸುಖ್ ರಾಮ್ ಅವರಿಗೆ ಹೋಯಿತು. ಆಗೆಲ್ಲ ಬರುವ ಕರೆಗೂ ದುಡ್ಡು. ನಮ್ಮ ಕೈಗೆ ಮೊಬೈಲ್ ಬರುವ ಹೊತ್ತಿಗೆ ನಾವು ಮಿಸ್ಡ್ ಕಾಲ್ ಕಲಿತಿದ್ದೆವು. ಬಸ್ ಇಳಿದರೆ ಒಂದು, ಬೈಕ್ ತರಬೇಕಿದ್ದರೆ ಎರಡು. ಅಪ್ಪಿತಪ್ಪಿ ಆ ಕಡೆಯವರು ಎತ್ತಿದರೆ ‘ಯಾಕೆ ಎತ್ತಿದೆ?’ ಅಂತ ಜಗಳ. ಇದರಿಂದ ಏನೋ ಒಂದು ದೊಡ್ಡ ಮಾತು ಹೇಳಬೇಕು ಅಂತ ಇದನ್ನು ಬರೆಯಲು ಕೂತಿದ್ದೆ. ಕಡುಬಿನ ಹತ್ತಿರ ಎಲ್ಲೋ ಅದು ಬಿಟ್ಟುಹೋಯಿತು.

ಹುಡುಗನ ಕೊನೆಯ ಅಸ್ತ್ರ ‘ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’. ಒತ್ತಿಯೇಬಿಟ್ಟ. ಕಾಲ್ ಹೋಗತೊಡಗಿತು, ನಿಜ. ಆದರೆ ಅದು ಕಾಲ್ ಸರಿಮಾಡುವುದರ ಜೊತೆಗೆ ವೈಫೈ ಪಾಸ್‌ವರ್ಡನ್ನೂ ಒರೆಸಿ ಹಾಕುತ್ತದೆ ಅಂತ ಆಮೇಲೆ ಹೇಳಿ ಮನೆಗೆ ಹೋದ. ಪಾಸ್‌ವರ್ಡ್ ರೌಟರಿನ ತಳದ ಚೀಟಿಯಲ್ಲಿದೆ, ಇರುವೆ ಕಾಲಿನಷ್ಟು ಅಕ್ಷರ. ಈಗ ಮೂವರೂ ಟಾರ್ಚ್ ಹಾಕಿಕೊಂಡು ಟೀವಿ ಸ್ಟ್ಯಾಂಡಿನ ಹಿಂದೆ ಬಗ್ಗಿದ್ದೇವೆ. ನಾಲ್ಕನೆಯದು ದೊಡ್ಡ ಐ ಅನ್ನುತ್ತಾಳೆ ಮಗಳು. ಅಲ್ಲ, ಸಣ್ಣ ಎಲ್ ಅನ್ನುತ್ತಾರೆ ಇವರು. ನನ್ನ ಕಣ್ಣಿಗೆ ಅದು ಒಂದು.